ತೋಪಿನೊಳಗಿನ ಕುದುರೆಗಳು

8 ಜನವರಿ

ಪುಟ್ಟಾ,

ಭಾನುವಾರದ ಸೋಲಿನ ಕಾಗದ ಇದು, ಕೂತುಕೊಂಡು ಓದು. ನಿಂತು ಓದಿದರೆ ಅರ್ಧಕ್ಕೇ ಮಡಚಿ ಜೇಬಿಗೆ ಹಾಕಿಕೊಳ್ಳುತ್ತೀಯ ಅಂತ ನನಗೆ ಗೊತ್ತು.

‘ಈ ಕಾಲದಲ್ಲಿ ಯಾರಕ್ಕಾ ಕೈಯಲ್ಲಿ ಕಾಗದ ಬರೀತಾರೆ’ ಅಂತ ಪ್ರತಿ ಸಲ ಗೊಣಗುತ್ತೀಯ. ಯಾಕೆ ಬರೆಯಬೇಕಾಗಿ ಬಂತು ಅನ್ನುವುದು ಮರೆತಿದ್ದರೆ ನೆನಪಿಸುತ್ತೇನೆ. ಹಿಂದೊಮ್ಮೆ ಈ ಕಂಪ್ಯೂಟರಿನ ಯುದ್ಧದ ಆಟ ಸೋತ ಮೇಲೆ ಫೋನಿನಲ್ಲಿ ನೀನು ನನ್ನನ್ನು ಗೂಬೆ ಅಂದೆ, ನಾನು ನಿನ್ನನ್ನು ಅದಕ್ಕಿಂತ ಕೆಟ್ಟದಾಗಿ ಏನೋ ಅಂದೆ. ಅರ್ಧ ವರ್ಷ ಇಬ್ಬರಿಗೂ ಮಾತಿರಲಿಲ್ಲ. ನಡುವೆ ಅಮ್ಮ ಒದ್ದಾಡಿದಳು. ಆಮೇಲೆ ಮಾಡಿಕೊಂಡ ಕಟ್ಟುಪಾಡು ಇದು. ಆಟ ನಡೆಯುವಾಗ ಇಯರ್‌ಫೋನಿನಲ್ಲಿ, ಕಿವಿಯೊಳಗೆ ಮೂರೇ ಮಾತು: ‘ತಡಿ’, ‘ಹೊರಡು’, ‘ವಾಪಸ್ಸು’. ಮಿಕ್ಕದ್ದೆಲ್ಲ ಕಾಗದದಲ್ಲಿ. ಕಾಗದ ನಿನ್ನ ಊರು ತಲುಪುವಷ್ಟರಲ್ಲಿ ನನ್ನ ಸಿಟ್ಟೂ ಆರಿರುತ್ತದೆ.

ಈಗ ಭಾನುವಾರಕ್ಕೆ ಬಾ. ನನ್ನ ಕಾಲಾಳುಗಳು ಹಳ್ಳದ ಈಚೆ ಸಾಲು ಕಟ್ಟಿದ್ದರು, ನಿನ್ನ ಕುದುರೆಗಳು ಗುಡ್ಡದ ಮರೆಯಲ್ಲಿದ್ದವು. ‘ತಡಿ’ ಅಂದೆ. ನೀನು ತಡೆಯಲಿಲ್ಲ. ನೇರವಾಗಿ ಎದುರಾಳಿಗಳ ಈಟಿಯವರ ಮೂತಿಗೇ ನುಗ್ಗಿಸಿದೆ. ಈಟಿಯನ್ನು ನೆಲಕ್ಕೂರಿ ಮಂಡಿಯೂರಿದವನ ಎದುರಿಗೆ ಕುದುರೆ ಬಿಟ್ಟರೆ ಮುಚ್ಚಿದ ಬಾಗಿಲಿಗೆ ಹಣೆ ಚಚ್ಚಿಕೊಂಡಂತೆ. ಎಷ್ಟು ಸಲ ಬರೆದಿದ್ದೇನೆ? ಈಟಿಯವರು ನನಗಿರಲಿ. ಅವರು ನನ್ನ ಮೇಲೆ ಬಿದ್ದು, ಅವರ ಬೆನ್ನೋ ಪಕ್ಕೆಯೋ ಬರಿದಾದಾಗ ನೀನು ಬರಬೇಕು. ಬಂದು ಗುದ್ದಿ, ಅಲ್ಲೇ ನಿಂತು ಕತ್ತಿ ಬೀಸುತ್ತಾ ಕೂರದೆ ಹೊರಗೆ ಹೋಗಿ, ಮತ್ತೆ ಓಡಿಬಂದು ಗುದ್ದಬೇಕು. ಕುದುರೆಯ ಬಲವೆಲ್ಲ ಆ ಓಟದಲ್ಲಿದೆ, ನಿಂತ ಕುದುರೆಯನ್ನು ಯಾವ ಬಡಪಾಯಿಯಾದರೂ ಉರುಳಿಸುತ್ತಾನೆ. ಇನ್ನೊಂದು, ಗುಡ್ಡ ಹತ್ತಿಸುವಾಗಲೂ ನಾಗಾಲೋಟ ಯಾಕೆ? ನಡೆಸಿಕೊಂಡು ಹೋಗು. ಉಸಿರು ಹೋದ ಕುದುರೆ ಕತ್ತೆಗೂ ಸಮ ಅಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ನನ್ನ ಮಣಿಕಟ್ಟು ಮೊದಲಿನಂತಿದ್ದರೆ ಕುದುರೆಯನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಅಷ್ಟು ಚುರುಕು ಈಗ ಈ ಕೈಯಲ್ಲಿಲ್ಲ. ನಿನ್ನ ಬೆರಳಿಗಿದೆ, ಅದನ್ನು ಒಪ್ಪುತ್ತೇನೆ.

ಈ ಸಲದ ಲೀಗನ್ನು ನಿಮ್ಮೂರಿನ ಕ್ಲಬ್ಬಿನವರು ನೋಡುತ್ತಿದ್ದಾರೆ ಅಂದೆಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಜೋಡಿಗಳನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಆಡುವುದೇ ಕೆಲಸ ಅಂದರೆ ನನಗಿನ್ನೇನು ಬೇಕು. ಈ ಲ್ಯಾಬಿನಲ್ಲಿ ಊರವರ ಹಲ್ಲಿನ ಸೆಟ್ ಉಜ್ಜಿ ಉಜ್ಜಿ ಸಾಕಾಗಿದೆ. ಪ್ಲಾಸ್ಟರಿನ ಧೂಳು ಮೂಗಿನಲ್ಲಿ, ಬಾಯಲ್ಲಿ, ಊಟದ ಡಬ್ಬಿಯಲ್ಲಿ. ನನಗೆ ಇಲ್ಲಿಂದ ಎದ್ದು ಹೋಗಬೇಕು ಪುಟ್ಟಾ. ಬೇರೆ ಯಾವ ಬಾಗಿಲೂ ನನಗೆ ಗೊತ್ತಿಲ್ಲ.

ಮುಂದಿನ ಆಟದಲ್ಲಿ ನಾನು ಹೇಳುವ ತನಕ ಅಲುಗಾಡಬೇಡ.

ಅಕ್ಕ

19 ಜನವರಿ

ಅಕ್ಕಾ,

ಬೈಗುಳ ಬಂದು ತಲುಪಿತು. ಯಥಾಪ್ರಕಾರ ಉಪ್ಪು ಖಾರ ಎಲ್ಲ ಸರಿಯಾಗಿದೆ.

ಇಲ್ಲಿ ಗೋದಾಮಿನಲ್ಲಿ ಕೈ ಮರಗಟ್ಟುವಷ್ಟು ಚಳಿ. ಹೊರಗೆ ಬಿಸಿಲು, ಒಳಗೆ ಹಿಮ. ಮೀನಿನ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಾ ಆಟದ ಲೆಕ್ಕ ಹಾಕುತ್ತಿದ್ದೆ, ಕಂಬಕ್ಕೆ ತಾಗಿಸಿದೆ. ಮೇಸ್ತ್ರಿ ‘ಏನಪ್ಪಾ, ಮನೇಲಿ ಹೆಣ್ಣು ನೋಡ್ತಿದಾರಾ’ ಅಂದ. ‘ಇಲ್ಲ ಸಾರ್, ಕುದುರೆ ನೋಡ್ತಿದೀನಿ’ ಅಂದೆ. ಎಲ್ಲರೂ ನಕ್ಕರು.

ಸೋತದ್ದಕ್ಕೆ ನನ್ನೊಬ್ಬನ ಮೇಲೆ ತಪ್ಪು ಹೊರಿಸಬೇಡ. ನೀನು ಹೇಳುವ ತನಕ ಕಾದರೆ ಕೆಲವು ಸಲ ಹೊತ್ತು ಮೀರುತ್ತೆ ಅಂತ ನನಗನಿಸುತ್ತೆ. ಬೇರೆ ಜೋಡಿಗಳಲ್ಲಿ ಕುದುರೆಯವನೇ ತೀರ್ಮಾನ ಮಾಡುತ್ತಾನೆ. ನಮ್ಮಲ್ಲಿ ಮಾತ್ರ ಕಾಲಾಳಿನವರು ಕುದುರೆಗೆ ಅಪ್ಪಣೆ ಕೊಡೋದು. ಇರಲಿ ಬಿಡು, ಮುಂದಿನ ಆಟ ನೀನು ಹೇಳಿದ ಹಾಗೆ.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೋ. ಅಮ್ಮನಿಗೆ ಹೊಸ ಹಲ್ಲು ಹೊಂದಿಕೊಂಡವಾ?

ಪುಟ್ಟ

4 ಫೆಬ್ರವರಿ

ಪುಟ್ಟಾ,

ಗೆದ್ದ ಆಟಕ್ಕೂ ಕಾಗದ ಬರೆಯಬೇಕು. ಹೊಗಳಿಕೆ ಬಂದರೆ ಮಾತ್ರ ನೀನು ಎರಡು ಸಲ ಓದುತ್ತೀಯ ಅಂತ ಅಮ್ಮನ ಅಂಬೋಣ.

ಚೆನ್ನಾಗಿ ಆಡಿದೆ ನೀನು. ನಿಜವಾಗಿ ಹೇಳುತ್ತಿದ್ದೇನೆ. ಕುದುರೆಗಳನ್ನು ಆ ಮಾವಿನ ತೋಪಿನ ತುದಿಯಲ್ಲಿ ನಿಲ್ಲಿಸಿದ್ದೆ. ಮರಗಳ ನಡುವಿನಿಂದಲೇ ಓಡಿಸದೆ, ಹೊರಗೆ ತಂದು ಸಾಲು ಮಾಡಿ ಆಮೇಲೆ ಬಿಟ್ಟೆ. ಅಷ್ಟರ ಮಟ್ಟಿಗೆ ಹಳೆಯ ಕಾಗದ ಓದಿದ್ದೀಯ ಅಂತ ಸಮಾಧಾನವಾಯಿತು. ನನ್ನ ಮುಂದಿನ ಸಾಲು ಕರಗುತ್ತಿತ್ತು, ಕಿವಿಯಲ್ಲಿ ನಿನ್ನ ಏದುಸಿರು. ‘ತಡಿ’ ಅಂದೆ, ಮತ್ತೆ ‘ತಡಿ’ ಅಂದೆ. ನೀನು ಮನಸ್ಸಿನಲ್ಲಿ ನನಗೆ ಎಷ್ಟು ಶಾಪ ಹಾಕಿದೆಯೋ. ನಾನು ನೋಡುತ್ತಿದ್ದದ್ದು ನಿನ್ನ ಕುದುರೆಗಳನ್ನಲ್ಲ, ಅವರ ಹಿಂದಿನ ಸಾಲನ್ನು. ಪಕ್ಕೆ ಕಾಯಲು ನಿಂತ ಈಟಿಯವರು ಅಲ್ಲಿದ್ದರು. ಮುಂದೆ ಗೆಲ್ಲುತ್ತಿದ್ದೇವೆ ಅನ್ನಿಸಿದಾಗ ಅವರಿಗೂ ಕೈ ತಡೆಯುವುದಿಲ್ಲ, ಮುಖ ತಿರುಗಿಸಿ ಮುಂದಕ್ಕೆ ಬರುತ್ತಾರೆ. ಅವರ ಮುಖ ನನ್ನ ಕಡೆ ತಿರುಗಿದ ಕ್ಷಣ ‘ಹೊರಡು’ ಅಂದೆ. ಇಷ್ಟೇ ಗುಟ್ಟು, ಅದನ್ನು ತಿಳಿದುಕೋ. ನಾನು ಹೇಳಿದೆ ಅಂತ ಮಾತ್ರ ಹೋಗಬೇಡ.

ಬಿಲ್ಲಿನವರು ಓಡಿದ ಮೇಲೆ ಅವರ ಹಿಂದೆ ಮೈದಾನದ ಅಂಚಿನ ತನಕ ಹೋದದ್ದು ತಪ್ಪು. ಓಡುವವರನ್ನು ಅಟ್ಟುತ್ತಾ ಹೋದರೆ ಇಲ್ಲಿ ನನ್ನ ಜೊತೆ ಸಾಯುವುದಕ್ಕೆ ಯಾರೂ ಇರುವುದಿಲ್ಲ.

ಟಿ.ವಿ.ಯಲ್ಲಿ ವಿವರಣೆ ಹೇಳುವವನು ‘ಎಂಥಾ ಕುದುರೆ ಆಟಗಾರ, ಎಂಥಾ ಸಮಯಪ್ರಜ್ಞೆ’ ಅಂತ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಬೇಜಾರಿಲ್ಲ. ಅಮ್ಮನಿಗೆ ಬೇಜಾರು. ‘ಇವಳ ಹೆಸರು ಒಂದ್ಸಲನಾದ್ರೂ ಅನ್ನಬಾರದಾ ಆ ಬಾಯಿಬಡುಕ’ ಅಂತ ಹೊಸ ಹಲ್ಲು ಕಡಿದಳು. ಇನ್ನೂ ಸ್ವಲ್ಪ ಉಜ್ಜಿ ಎತ್ತರ ತಗ್ಗಿಸಬೇಕು, ಮಾತಾಡಿದರೆ ಟಕಟಕ ಅನ್ನುತ್ತವೆ.

ಕ್ಲಬ್ಬಿನ ಮೇಲ್ವಿಚಾರಕಿ ನಿನ್ನನ್ನು ಕರೆಸಿದ್ದಾರಂತೆ, ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಹೋಗಿ ಮಾತಾಡು. ಮಣಿಕಟ್ಟಿನ ವಿಷಯ ಕೇಳಿದರೆ ಕಾಲಾಳು ಆಡಿಸಲು ಏನೂ ತೊಂದರೆಯಿಲ್ಲ ಅನ್ನು. ನಾನು ಅಲ್ಲಿಗೆ ಬಂದು ಇರಲು ತಯಾರು ಅನ್ನು. ಲ್ಯಾಬಿನಲ್ಲಿ ಹೊಸದಾಗಿ ಒಬ್ಬಳು ಸೇರಿದ್ದಾಳೆ, ನನ್ನ ಓರಗೆಯವಳೇ. ಮೇಣದಲ್ಲಿ ಹಲ್ಲು ಕೂರಿಸುವುದನ್ನು ಅವಳಿಗೆ ಹೇಳಿಕೊಡಲು ಶುರುಮಾಡಿದ್ದೇನೆ. ಸುಮ್ಮನೆ, ಇರಲಿ ಅಂತ.

ಅಕ್ಕ

27 ಫೆಬ್ರವರಿ

ಅಕ್ಕಾ,

ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಮೇಲ್ವಿಚಾರಕಿಯವರನ್ನು ನೋಡಿದೆ. ತುಂಬಾ ಹೊತ್ತು ಮಾತಾಡಿದರು. ದೊಡ್ಡ ಕಟ್ಟಡ, ಸಾಲಾಗಿ ಪರದೆಗಳು, ಕೂತರೆ ಏಳಲು ಮನಸ್ಸಾಗದ ಕುರ್ಚಿಗಳು.

ಈ ಸಲ ಒಬ್ಬರಿಗೇ ಜಾಗ ಇರೋದಂತೆ. ಕುದುರೆಯವರು ಬೇಕಾಗಿದ್ದಾರೆ, ಕಾಲಾಳಿಗೆ ಅವರ ಹತ್ತಿರ ಆಗಲೇ ಒಬ್ಬ ಇದ್ದಾನೆ. ಎಲ್ಲರೂ ಅವನನ್ನು ಕನ್ನಡಕ ಅಂತ ಕರೆಯುತ್ತಾರೆ. ಮುಂದೆ ನೋಡೋಣ ಅಂದಿದ್ದಾರೆ. ನಾನು ಏನೂ ಹೇಳಲಿಕ್ಕೆ ಆಗಲಿಲ್ಲ. ಗೋದಾಮು ಬಿಟ್ಟೆ. ಮುಂದಿನ ವಾರದಿಂದ ಕ್ಲಬ್ಬಿನಲ್ಲೇ ಕೆಲಸ.

ನಿನಗೆ ಬೇಜಾರಾಗುತ್ತೆ ಅಂತ ಗೊತ್ತು. ಆದರೆ ನಾನು ಒಳಗಿದ್ದರೆ ಒಂದಲ್ಲ ಒಂದು ದಿನ ನಿನಗೂ ದಾರಿ ಆಗುತ್ತಲ್ವಾ. ಮಣಿಕಟ್ಟಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ.

ಅಮ್ಮನಿಗೆ ನೀನೇ ಹೇಳಿಬಿಡು.

ಪುಟ್ಟ

6 ಮಾರ್ಚ್

ಪುಟ್ಟಾ,

ಒಳ್ಳೆಯದಾಯಿತು. ಯಾರಾದರೂ ಒಬ್ಬರು ಹೋಗಬೇಕಾದರೆ ಚಿಕ್ಕವರು ಹೋಗುವುದೇ ಸರಿ. ಅಮ್ಮನಿಗೆ ಹೇಳಿದೆ. ‘ಅವನು ಕೇಳಿದ್ನಂತಾ ನಿಂಗೋಸ್ಕರ?’ ಅಂದಳು. ಕೇಳಿದನಂತೆ, ಜಾಗ ಇಲ್ಲ ಅಂದರಂತೆ ಅಂದೆ.

ನನ್ನ ಬಗ್ಗೆ ಯೋಚಿಸಬೇಡ, ಲ್ಯಾಬು ಎಲ್ಲಿಗೂ ಓಡಿಹೋಗುವುದಿಲ್ಲ.

ಒಂದೆರಡು ಮಾತು ಹೇಳಬೇಕು. ಆ ಕನ್ನಡಕದವನು ಹೇಗೆ ಆಡುತ್ತಾನೆ ಅಂತ ಮೊದಲು ನೋಡು. ಸಾಲು ಎಷ್ಟು ಹೊತ್ತು ಹಿಡಿದಿಡುತ್ತಾನೆ ಅನ್ನುವುದರ ಮೇಲೆ ನಿನ್ನ ಕುದುರೆಗಳನ್ನು ಎಷ್ಟು ದೂರ ನಿಲ್ಲಿಸಬೇಕು ಅನ್ನುವುದು ಗೊತ್ತಾಗುತ್ತದೆ. ತೀರ ಹತ್ತಿರ ನಿಲ್ಲಿಸಿದರೆ ಓಟಕ್ಕೆ ಜಾಗವಿರುವುದಿಲ್ಲ, ತೀರ ದೂರವಾದರೆ ನೀನು ಬರುವ ಮೊದಲೇ ಅವನ ಕಥೆ ಮುಗಿದಿರುತ್ತದೆ. ಹಗುರ ಕುದುರೆಗಳಿದ್ದರೆ ಮೊದಲು ಅವನ್ನು ಬಿಟ್ಟು ಅವರ ಬಿಲ್ಲಿನವರನ್ನು ಕೆಣಕು, ಭಾರದ ಕುದುರೆಗಳನ್ನು ಕೊನೆಯ ತನಕ ತೋರಿಸಬೇಡ. ಎದುರಾಳಿಗೆ ನಿನ್ನ ಕುದುರೆ ಕಂಡರೆ ಅವನು ಈಟಿಯವರನ್ನು ಅಲ್ಲಿಗೇ ಕಳಿಸುತ್ತಾನೆ. ಅವನ ಹಿಂದಿನ ಸಾಲಿನ ಮುಖ ಯಾವ ಕಡೆ ಇದೆ ಅಂತ ನೋಡುತ್ತಿರು. ಈಗ ನಾನು ಕಿವಿಯಲ್ಲಿ ಇರುವುದಿಲ್ಲ.

ಹೊಸ ಜಾಗದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

14 ಏಪ್ರಿಲ್

ತಮ್ಮನಿಗೆ,

ನಿನ್ನ ಮೊದಲ ಆಟ ನೋಡಿದೆವು. ಮಧ್ಯಾಹ್ನ ಅಮ್ಮ ಬೇಗ ಊಟ ಮುಗಿಸಿ, ತಲೆ ಬಾಚಿಕೊಂಡು, ಯಾರದೋ ಮದುವೆಗೆ ಹೋಗುವವಳ ಹಾಗೆ ಬಂದು ಪರದೆಯ ಮುಂದೆ ಕೂತಳು. ಪಕ್ಕದ ಮನೆಯವರನ್ನೂ ಕರೆದಿದ್ದಳು.

ಆಟ ಶುರುವಾಗುವ ಮೊದಲು ವಿವರಣೆ ಹೇಳುವವನು ನಿನ್ನ ಪರಿಚಯ ಮಾಡಿಕೊಟ್ಟ. ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ. ‘ಇವರು ಮತ್ತೆ ಇವರ ಅಕ್ಕ ಜೋಡಿಯಾಗಿ ಆಡ್ತಿದ್ರು. ಕ್ಲಬ್ಬಿನವರು ಇಬ್ಬರನ್ನೂ ಕರೆದಿದ್ರು, ಆದ್ರೆ ಅಕ್ಕನಿಗೆ ಆರೋಗ್ಯ ಸರಿಯಿಲ್ಲ, ಆಟ ಬಿಟ್ಟಿದಾರೆ ಅಂತ ತಮ್ಮ ಹೇಳಿದ್ರಂತೆ. ಪಾಪ.’

ಪಕ್ಕದ ಮನೆಯಾಕೆ ನನ್ನ ಕಡೆ ತಿರುಗಿ ‘ಏನಾಗಿದೆ ನಿಮಗೆ?’ ಅಂದರು. ಏನೂ ಇಲ್ಲ ಅಂದೆ. ಅಮ್ಮ ಪರದೆಯನ್ನೇ ನೋಡುತ್ತಿದ್ದಳು.

ಇಬ್ಬರನ್ನೂ ಕರೆದಿದ್ದರು. ನೀನು ನನ್ನನ್ನು ಕಾಯಿಲೆಯವಳನ್ನಾಗಿ ಮಾಡಿ ಬಂದೆ. ಒಂದೇ ಜಾಗ, ಮುಂದೆ ನೋಡೋಣ ಅಂದರು ಅಂತ ನನಗೆ ಬರೆದೆ. ಆ ಕಾಗದ ಓದಿ ನಾನು ನಿನಗೆ ಕುದುರೆ ನಿಲ್ಲಿಸುವ ದೂರ ಹೇಳಿಕೊಡುತ್ತಾ ಕೂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೂ ಇರುವುದಿಲ್ಲ, ಅದು ಗೊತ್ತಿತ್ತು. ನೀನು ದಡದಲ್ಲೇ ಅಂಬಿಗನ ಕಾಲು ಮುರಿದು ಹೋದೆ.

ಈಗ ಕೇಳು, ನಿನಗೆ ಬರೆಯದೆ ಇದ್ದದ್ದು. ಫೆಬ್ರವರಿಯಲ್ಲೇ ಲ್ಯಾಬಿನ ಯಜಮಾನರಿಗೆ ಹೇಳಿಬಿಟ್ಟಿದ್ದೆ, ಬಿಡುತ್ತೇನೆ ಅಂತ. ಹೊಸಬಳಿಗೆ ಕೆಲಸ ಪೂರ್ತಿ ಕಲಿಸಿಕೊಟ್ಟೆ. ನಿನ್ನ ಕಾಗದ ಬಂದ ಮೇಲೆ ಹೋಗಿ, ಇಲ್ಲ, ಇಲ್ಲೇ ಇರುತ್ತೇನೆ ಅಂದೆ. ‘ಇರಿ ಅಮ್ಮಾ, ಆದ್ರೆ ನಿಮ್ಮ ಮೇಜು ಅವಳಿಗೆ ಕೊಟ್ಟಾಯ್ತು’ ಅಂದರು. ಈಗ ನಾನು ಪ್ಲಾಸ್ಟರ್ ಕಲಸುವ ಕಡೆ ಇದ್ದೇನೆ. ಕಲಸುವುದಕ್ಕೆ ಮಣಿಕಟ್ಟೇ ಬೇಕು.

ನೀನು ಆಟ ಸೋತೆ ಅಂತ ಆಮೇಲೆ ಕೇಳಿದೆ. ಪೂರ್ತಿ ನೋಡಲಿಲ್ಲ.

ಅಕ್ಕ

22 ಏಪ್ರಿಲ್

ಅಕ್ಕಾ,

ಹೌದು, ಸುಳ್ಳು ಹೇಳಿದೆ. ಕಾಲು ಹಿಡಿದು ತಪ್ಪಾಯ್ತು ಅಂತ ಬರೆಯಲು ಕೂತಿದ್ದೆ. ನಾಲ್ಕು ಹಾಳೆ ಹರಿದೆ, ಯಾಕೋ ಬರಲಿಲ್ಲ. ಇರೋದನ್ನೇ ಬರೆಯುತ್ತೇನೆ.

ಮೇಲ್ವಿಚಾರಕಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? ‘ಹೊರಡು ಅಂತ ಹೇಳೋದು ಯಾರು?’ ನಮ್ಮ ಆಟದ ಧ್ವನಿಮುದ್ರಿಕೆ ಕೇಳಿದ್ದರು. ನನ್ನ ಬೆರಳಿನ ಬಗ್ಗೆ ಒಂದು ಮಾತಿಲ್ಲ. ಅಕ್ಕ ಬರ್ತಾರಾ, ಅಕ್ಕ ಯಾವಾಗ ಬರ್ತಾರೆ, ಇದೇ. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕವನಿದ್ದಾಗಿನಿಂದ ಇದೇ ಆಯ್ತಲ್ಲ. ರಸ್ತೆ ದಾಟು ಅಂದರೆ ದಾಟೋದು, ನಿಲ್ಲು ಅಂದರೆ ನಿಲ್ಲೋದು. ಗೋದಾಮಿನ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವಳೂ ನೀನೇ. ಒಂದು ಸಲ, ಒಂದೇ ಸಲ, ನಾನು ಹೊರಡಬೇಕು ಅನ್ನಿಸಿದಾಗ ಹೊರಡಬೇಕು ಅಂತ ಆಸೆಯಾಯ್ತು. ನೀನು ಕಿವಿಯಲ್ಲಿ ಇಲ್ಲದೆ.

ಅದಕ್ಕೇ ಬಾಯಿಂದ ಆ ಮಾತು ಬಂತು. ಆಮೇಲೆ ತಿದ್ದಲು ಧೈರ್ಯ ಬರಲಿಲ್ಲ.

ನೀನು ಯಜಮಾನರಿಗೆ ಹೇಳಿಬಿಟ್ಟಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಬರೆಯಬಹುದಿತ್ತು. ನೀನೂ ಎಲ್ಲವನ್ನೂ ಬರೆಯೋದಿಲ್ಲ. ಕಾಗದದ ತುಂಬ ಕುದುರೆ, ಈಟಿ, ಪಕ್ಕೆ. ನಿನಗೆ ಏನಾಗುತ್ತಿದೆ ಅಂತ ಒಂದು ಸಾಲು ಇರುತ್ತೆ, ಅದೂ ತಮಾಷೆ.

ಪುಟ್ಟ

3 ಜೂನ್

ಅಕ್ಕಾ,

ಉತ್ತರ ಬರಲಿಲ್ಲ. ಬರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ. ಅಮ್ಮನ ಫೋನಿನಲ್ಲಿ ಹಿಂದಿನಿಂದ ಪಾತ್ರೆ ಸದ್ದು ಕೇಳುತ್ತೆ, ನೀನು ಮಾತ್ರ ಬರೋದಿಲ್ಲ.

ಆಡಿದ ಆಟವೆಲ್ಲ ಸೋತಿದ್ದೇವೆ. ನಿನಗೆ ಗೊತ್ತಿರಬಹುದು. ಒಂದು ಸಲ ಬೇಗ ಹೊರಟೆ, ಈಟಿಗೆ ಸಿಕ್ಕೆ. ಇನ್ನೊಂದು ಸಲ ಕಾದೆ ಕಾದೆ, ಕನ್ನಡಕದವನ ಸಾಲು ಮುರಿದು ಎಲ್ಲರೂ ಓಡಿಹೋದ ಮೇಲೆ ಬಂದೆ. ‘ಕುದುರೆ ನಿಂದು, ಯಾವಾಗ ಹೊರಡೋದು ಅಂತ ನನ್ನ ಕೇಳಬೇಡ’ ಅಂತಾನೆ ಅವನು. ಇಲ್ಲಿ ಎಲ್ಲರೂ ಹಾಗೇ. ನನಗೆ ಯಾವಾಗ ಅಂತ ಗೊತ್ತಾಗೋದಿಲ್ಲ ಅಕ್ಕಾ. ನಿನ್ನ ಹಳೆ ಕಾಗದ ತೆಗೆದು ಓದಿದೆ. ಹಿಂದಿನ ಸಾಲು, ಮುಖ, ಎಲ್ಲ ಅರ್ಥವಾಗುತ್ತೆ. ಆಟದ ಮಧ್ಯೆ ಕಣ್ಣು ಕುದುರೆ ಬಿಟ್ಟು ಕದಲೋದಿಲ್ಲ.

ಇಪ್ಪತ್ತೊಂದನೇ ತಾರೀಕು ಭಾನುವಾರದ ಆಟವನ್ನೂ ಸೋತರೆ ಕ್ಲಬ್ಬಿನಿಂದ ಕಳಿಸುತ್ತಾರೆ. ಗೋದಾಮಿನಲ್ಲಿ ನನ್ನ ಗಾಡಿಗೆ ಬೇರೆಯವನು ಬಂದಿದ್ದಾನೆ.

ಇಲ್ಲಿಯ ನಿಯಮದ ಪ್ರಕಾರ ಹೊರಗಿನಿಂದ ಒಬ್ಬರು ಕಿವಿಯಲ್ಲಿ ಸಲಹೆ ಕೊಡಬಹುದು, ಯಾರು ಅಂತ ಹೇಳಬೇಕು ಅಷ್ಟೇ. ಆಟ ನಿನ್ನ ಪರದೆಯಲ್ಲೂ ಕಾಣುವ ಹಾಗೆ ಮಾಡುತ್ತೇನೆ. ಒಂದೇ ಒಂದು ಸಲ ಬಂದು ಹೇಳು. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಪುಟ್ಟ

10 ಜೂನ್

ತಮ್ಮನಿಗೆ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಓದಬಾರದಿತ್ತು. ‘ಚಿಕ್ಕವನು, ಕೆಟ್ಟ ಮೇಲೆ ಬುದ್ಧಿ ಬಂದಿದೆ, ಬಿಟ್ಟುಬಿಡೆ’ ಅಂತ ಎರಡು ದಿನದಿಂದ ಹಿಂದೆ ಮುಂದೆ ಸುತ್ತುತ್ತಿದ್ದಾಳೆ. ನಿನಗೆ ವಯಸ್ಸು ಇಪ್ಪತ್ತೊಂಬತ್ತು. ಈ ಮನೆಯಲ್ಲಿ ನೀನು ಇನ್ನೂ ಎಷ್ಟು ವರ್ಷ ಚಿಕ್ಕವನಾಗಿರುತ್ತೀಯೋ.

ಏಪ್ರಿಲಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅದರಲ್ಲಿ ಒಂದು ಮಾತು ನಿಜವಿತ್ತು. ಕಿವಿಯಲ್ಲಿ ಯಾವಾಗಲೂ ಅಕ್ಕ ಇದ್ದರೆ ಯಾರಿಗಾದರೂ ಸಾಕಾಗುತ್ತದೆ. ಅದನ್ನು ನನ್ನ ಮುಖಕ್ಕೆ ಹೇಳಿದ್ದರೆ ಜಗಳವಾಡಿ, ಅತ್ತು, ಆಮೇಲೆ ಒಪ್ಪುತ್ತಿದ್ದೆ. ನೀನು ಊರಿಗೆಲ್ಲ ನಾನು ಕಾಯಿಲೆಯವಳು ಅಂದೆ.

ಬರುತ್ತೇನೆ. ಅಮ್ಮನಿಗಾಗಿ ಅಂತ ಅಂದುಕೊಳ್ಳಬೇಡ. ಪ್ಲಾಸ್ಟರ್ ಕಲಸುವಾಗಲೂ ನನ್ನ ತಲೆಯಲ್ಲಿ ಮೈದಾನವೇ ಇರುತ್ತದೆ, ಅದಕ್ಕೆ ಬರುತ್ತೇನೆ. ಆದರೆ ನನ್ನದೊಂದು ಷರತ್ತಿದೆ. ಆಟಕ್ಕೆ ಮೊದಲು ಮೇಲ್ವಿಚಾರಕಿಗೆ ಹೇಳಬೇಕು, ಕಿವಿಯಲ್ಲಿರುವುದು ಅಕ್ಕ ಅಂತ. ಅವಳಿಗೆ ಕಾಯಿಲೆಯಿಲ್ಲ, ಆಟ ಬಿಟ್ಟಿಲ್ಲ, ಬರುತ್ತಾಳೆ, ನಾನೇ ಸುಳ್ಳು ಹೇಳಿದ್ದೆ ಅಂತ. ಅವರು ಆಮೇಲೆ ನನ್ನನ್ನು ಕರೆಯಲಿ ಬಿಡಲಿ, ಅದು ಅವರಿಷ್ಟ. ನಿನ್ನ ಬಾಯಿಂದ ಅದು ಬರಬೇಕು. ನಾನು ಕೇಳುತ್ತಿರುತ್ತೇನೆ.

ಒಪ್ಪಿಗೆಯಾದರೆ ಅಮ್ಮನಿಗೆ ಫೋನ್ ಮಾಡಿ ಹೂಂ ಅನ್ನು, ಸಾಕು.

ಅಕ್ಕ

22 ಜೂನ್

ಅಕ್ಕಾ,

ಯಾಕೆ ಸುಮ್ಮನಿದ್ದೆ?

ಮೊದಲು ಲೈನು ಹೋಗಿದೆ ಅಂದುಕೊಂಡೆ. ಆಮೇಲೆ ಅಮ್ಮ ಕೆಮ್ಮಿದ್ದು ಕೇಳಿಸಿತು. ಅಂದರೆ ನೀನು ಅಲ್ಲೇ ಕೂತಿದ್ದೆ. ಪರದೆ ನೋಡುತ್ತಾ ಕೂತಿದ್ದೆ.

ಕುದುರೆಗಳನ್ನು ತೋಪಿನೊಳಗೆ ಹಾಕಿಕೊಂಡು ಕಾದೆ. ಕನ್ನಡಕದವನು ಸಾಯುತ್ತಿದ್ದ. ‘ಎಲ್ಲೋ ನಿನ್ನ ಕುದುರೆ, ಎಲ್ಲೋ’ ಅಂತ ಮೇಜು ಕುಟ್ಟುತ್ತಿದ್ದ. ನಾನು ನಿನ್ನ ಮಾತಿಗೆ ಕಾದೆ. ಅವನ ಕೊನೆಯ ಸಾಲು ಬಿತ್ತು, ಆಟ ಮುಗಿಯಿತು. ನನ್ನ ಕುದುರೆಗಳಲ್ಲಿ ಒಂದಕ್ಕೂ ಗಾಯವಿಲ್ಲ. ಎಲ್ಲ ಮರದ ಕೆಳಗೆ ಬಾಲ ಅಲ್ಲಾಡಿಸುತ್ತಾ ನಿಂತಿದ್ದವು. ಅದನ್ನೇ ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದರು. ಜನ ನಕ್ಕರು ಅಕ್ಕಾ. ವಿವರಣೆ ಹೇಳುವವನಿಗೆ ಮಾತಾಡಲೂ ಆಗಲಿಲ್ಲ, ಅಷ್ಟು ನಗು.

ಇಷ್ಟು ಸೇಡು ಇಟ್ಟುಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ. ನಾನು ತಪ್ಪು ಮಾಡಿದ್ದೆ, ಒಪ್ಪಿದ್ದೆ. ಒಂದು ಮಾತು ಆಡಲಿಕ್ಕೆ ನಿನ್ನ ಗಂಟು ಏನು ಹೋಗುತ್ತಿತ್ತು? ಇವತ್ತು ಬೆಳಗ್ಗೆ ಕ್ಲಬ್ಬಿನ ಕೀಲಿ ವಾಪಸ್ಸು ಕೊಟ್ಟು ಬಂದೆ.

ಈಗ ಇಬ್ಬರಿಗೂ ಸಮ ಆಯ್ತಲ್ಲ. ಸಿಟ್ಟು ತೀರಿದ್ದರೆ ಹೇಳು. ಆಗಸ್ಟಿನಲ್ಲಿ ಹಳೆಯ ಲೀಗು ಮತ್ತೆ ಶುರುವಾಗುತ್ತೆ. ಮೊದಲಿನ ಹಾಗೆ ಜೋಡಿಯಾಗಿ ಹೆಸರು ಕೊಡೋಣ. ನೀನು ಹೇಳಿದಾಗ ಹೊರಡುತ್ತೇನೆ, ಇನ್ನು ಎದುರು ಮಾತಾಡೋದಿಲ್ಲ.

ಪುಟ್ಟ

30 ಜೂನ್

ತಮ್ಮಾ,

ಸೇಡು ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ನೀನು ಫೋನಿನಲ್ಲಿ ಅಮ್ಮನಿಗೆ ಹೂಂ ಅಂದಿದ್ದೆಯಲ್ಲ, ಭಾನುವಾರ ಆಟಕ್ಕೆ ಎಷ್ಟೋ ಮೊದಲೇ ನಾನು ಕಿವಿಗೆ ಹಾಕಿಕೊಂಡು ಕೂತಿದ್ದೆ. ಅಮ್ಮ ಪಕ್ಕದಲ್ಲಿ, ಇಯರ್‌ಫೋನಿನ ಇನ್ನೊಂದು ಎಳೆ ಅವಳ ಕಿವಿಯಲ್ಲಿ. ನೀನು ಕೂತದ್ದು, ಕುರ್ಚಿ ಎಳೆದದ್ದು, ನೀರು ಕುಡಿದದ್ದು ಎಲ್ಲ ಕೇಳುತ್ತಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ಕಾದೆ. ನಿನಗೆ ಮಾತು ತೆಗೆಯಲು ಕಷ್ಟವಾಗುತ್ತಿದೆ ಅಂತಲೇ ಅಂದುಕೊಂಡೆ. ಆಮೇಲೆ ಮೇಲ್ವಿಚಾರಕಿ ತಾವಾಗಿಯೇ ನಿನ್ನ ಹತ್ತಿರ ಬಂದರು. ‘ಕಿವೀಲಿ ಹಾಕ್ಕೊಂಡಿದೀರಲ್ಲ, ಆ ಕಡೆ ಯಾರಿದಾರೆ?’ ಅಂದರು. ಎಷ್ಟು ಮೆತ್ತಗೆ ಕೇಳಿದರು. ಬಾಗಿಲನ್ನು ಅವರೇ ತೆರೆದು ನಿಂತ ಹಾಗಿತ್ತು.

‘ಯಾರೂ ಇಲ್ಲ ಮೇಡಂ. ಸದ್ದು ಕೇಳಬಾರದು ಅಂತ ಹಾಕ್ಕೊಂಡಿದೀನಿ’ ಅಂದೆ ನೀನು.

ನಾನು ಕೇಳುತ್ತಿದ್ದೇನೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಹಾಗಂದರೂ ಅಕ್ಕ ಹೇಳೇ ಹೇಳುತ್ತಾಳೆ ಅಂತ ನಿನಗೆ ಧೈರ್ಯ. ಆ ಧೈರ್ಯ ನಿನಗೆ ಕೊಟ್ಟವಳೂ ನಾನೇ ಇರಬೇಕು.

ಅಮ್ಮನ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ಕಿವಿಯಿಂದ ತೆಗೆದುಹಾಕಲು ಕೈ ಎತ್ತಿದೆ, ತೆಗೆಯಲಿಲ್ಲ. ಆಟ ಶುರುವಾಯಿತು. ಕೂತು ನೋಡಿದೆ.

ಎದುರಾಳಿಗಳ ಹಿಂದಿನ ಸಾಲು ಎರಡು ಸಲ ಮುಖ ತಿರುಗಿಸಿತು. ಮೊದಲ ಸಲ, ಕನ್ನಡಕದವನ ಎಡಗಡೆಯ ಗುಂಪು ಹಿಂದೆ ಸರಿದಾಗ. ಈಟಿಯವರೆಲ್ಲ ಪಕ್ಕೆ ಬಿಟ್ಟು ಅತ್ತ ಓಡಿದರು. ತೋಪಿನಿಂದ ಅವರ ಬೆನ್ನಿನ ತನಕ ಬರಿ ಬಯಲು, ಇಳಿಜಾರು ಬೇರೆ. ಅಂಥ ಜಾಗ ಹುಡುಕಿದರೂ ಸಿಗುವುದಿಲ್ಲ. ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಆ ಸಲದ್ದು ಸಿಟ್ಟು ಅಂತ ಬೇಕಾದರೆ ಅಂದುಕೋ, ಒಪ್ಪುತ್ತೇನೆ. ನೀನು ‘ಯಾರೂ ಇಲ್ಲ’ ಅಂದ ಮೇಲೆ ಇಲ್ಲದವಳು ಹೇಗೆ ಮಾತಾಡಬೇಕು?

ಎರಡನೆಯ ಸಲ ಸಿಟ್ಟಿರಲಿಲ್ಲ. ಕನ್ನಡಕದವನ ನಡುಸಾಲು ಮುರಿಯುತ್ತಿತ್ತು, ಎದುರಾಳಿಗಳೆಲ್ಲ ಕೇಕೆ ಹಾಕಿಕೊಂಡು ಮುಂದೆ ಬಂದಿದ್ದರು, ಹಿಂದೆ ಯಾರೂ ಉಳಿದಿರಲಿಲ್ಲ. ಕುರುಡನಿಗೂ ಕಾಣುವ ಹಾಗಿತ್ತು. ಹೋಗೋ, ಹೋಗೋ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ಮುಷ್ಟಿ ಹಿಡಿದು ಮಣಿಕಟ್ಟು ಇವತ್ತಿಗೂ ಊದಿದೆ. ಅಮ್ಮ ನನ್ನ ತೋಳು ಹಿಡಿದು ‘ಹೇಳೇ, ನಿನ್ನ ದಮ್ಮಯ್ಯ, ಹೇಳೇ’ ಅಂತ ಪಿಸುಗುಟ್ಟಿದಳು, ಕೆಮ್ಮು ಬಂತು. ನಾನು ಹೇಳಲಿಲ್ಲ. ನೀನಾಗಿಯೇ ಒಂದು ಸಲ ಹೊರಡಬೇಕು ಅಂತ ಆಸೆ ಅಂದಿದ್ದೆಯಲ್ಲ. ಅವತ್ತು ನಿನ್ನನ್ನು ತಡಿ ಅಂದವರು ಯಾರು? ಒಂದು ಗುಂಡಿ ಒತ್ತಿದ್ದರೆ ನಿನ್ನ ಕುದುರೆಗಳು ಹೊರಡುತ್ತಿದ್ದವು, ನೀನು ಗೆಲ್ಲುತ್ತಿದ್ದೆ, ನಾನು ಯಾರೂ ಅಲ್ಲ ಅನ್ನುವುದೂ ನಿಜವಾಗುತ್ತಿತ್ತು. ನೀನು ಒತ್ತಲಿಲ್ಲ.

ಆಟ ಮುಗಿದ ಮೇಲೆ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಲ್ಲಿನ ಸೆಟ್ ತೆಗೆದು ಬಟ್ಟಲಿನಲ್ಲಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಲ್ಯಾಬಿನಲ್ಲಿ ನನ್ನ ಮೇಜಿನ ಮೇಲೆ ಹೊಸಬಳು ಅವಳ ಮಕ್ಕಳ ಫೋಟೋ ಅಂಟಿಸಿಕೊಂಡಿದ್ದಾಳೆ. ನಿನ್ನ ಸೋಲಿನಿಂದ ನನಗೆ ಬಂದದ್ದು ಇಷ್ಟೇ. ಸಮ ಆಯಿತು ಅಂತ ಬರೆದಿದ್ದೀಯ, ಏನು ಸಮ ಆಯಿತೋ ನನಗೆ ತಿಳಿಯಲಿಲ್ಲ.

ಬೇರೆ ಕೆಲಸ ಹುಡುಕು. ಅಮ್ಮನಿಗೆ ಆಗಾಗ ಫೋನ್ ಮಾಡುತ್ತಿರು, ನಾನು ಎತ್ತಿಕೊಂಡರೆ ಅವಳಿಗೆ ಕೊಡುತ್ತೇನೆ.

ಆಗಸ್ಟಿನ ಲೀಗಿಗೆ ಹೆಸರು ಕೊಡುವುದಾದರೆ ಕೊಡು. ಜೊತೆಗಾರರು ಯಾರು ಅಂತ ಅಲ್ಲೂ ಕೇಳುತ್ತಾರೆ. ಆ ಮೇಡಂಗೆ ಏನು ಹೇಳಿದೆಯೋ, ಅದನ್ನೇ ಹೇಳು.

ಅಕ್ಕ